ನಾನು ಮುಗಿಸಿದ ಮಾತು

೨೧–೩–೧೯೬೫, ಭಾನುವಾರ
ರಿಪ್ಪನ್‌ಪೇಟೆ

ಯಾಕೆ ಬಾಯಿ ಹಾಕಿದೆನೋ ತಿಳಿಯುತ್ತಿಲ್ಲ. ಯಜಮಾನರಿಗೆ ಉಗ್ಗು. ಮದುವೆಯಾದ ಹನ್ನೊಂದು ವರ್ಷದಿಂದಲೂ ಅವರು ತಡವರಿಸಿದಲ್ಲೆಲ್ಲ ಉಳಿದ ಮಾತು ನಾನೇ ಮುಗಿಸಿದ್ದೇನೆ. ಅವರಿಗೆ ಕಷ್ಟವಾಗಬಾರದು ಅಂತ.

ಇವತ್ತು ಅವರ ತಂಗಿ ಜಲಜಳನ್ನು ಕೇಳಲು ಮೇಳಿಗೆಯ ವಾಸಪ್ಪಗೌಡರು ಬಂದಿದ್ದರು. "ಮಗನಿಗೆ ಹುಡುಗಿ ಹಿಡಿಸಿದಾಳೆ. ನೀವೇನಂತೀರಿ?" ಅಂದರು.

"ನಂಗೆ ಒ... ಒಪ್..." ಅಂತ ಯಜಮಾನರು ನಿಂತರು.

"ಒಪ್ಪಿಗೆ ಅಂತಿದಾರೆ" ಅಂದೆ ನಾನು. ಎಲ್ಲರೂ ನಕ್ಕರು. ವೀಳ್ಯಶಾಸ್ತ್ರವೂ ಮುಗಿದುಹೋಯಿತು.

ಗೌಡರು ಬಸ್ಸು ಹತ್ತಿದ ಮೇಲೆ ಯಜಮಾನರು ಅಡುಗೆಮನೆಗೆ ಬಂದರು. "ಒಪ್ಪಿಗೆ ಇ... ಇಲ್ಲ ಅನ್ನಕ್ಕೆ ಹೊರಟಿದ್ದೆ ಕಣೇ."

"ಆಗಲೇ ಹೇಳಬಾರದಿತ್ತಾ?"

"ನೀ... ನೀನು ಬಿಟ್ಯಾ?"

ಈ ಮದುವೆ ಬೇಡ ಅಂತ ಜಲಜ ನಿನ್ನೆ ಅಣ್ಣನ ಹತ್ತಿರ ಅತ್ತಿದ್ದಳಂತೆ. ನನಗೆ ಇಬ್ಬರೂ ಹೇಳಿರಲಿಲ್ಲ.

ನಾಳೆ ಮೊದಲ ಬಸ್ಸಿಗೆ ಮೇಳಿಗೆಗೆ ಹೋಗಿ, ತಪ್ಪು ನಂದು ಅಂತ ಹೇಳಿ ಬರುತ್ತೇನೆ. ಗೌಡರು ಬೈಯಲಿ. ಅದಕ್ಕಲ್ಲ ನಿದ್ದೆ ಬಾರದ್ದು. ಒಳ್ಳೆ ಮನೆ, ಜಲಜ ಅಲ್ಲಿಗೆ ಸೇರಲಿ ಅಂತ ನನಗೆ ತುಂಬ ಆಸೆಯಿತ್ತು. ಯಜಮಾನರು ತಡವರಿಸುವಾಗ ಅವರ ಮುಖವನ್ನೇ ನೋಡುತ್ತಿದ್ದೆ. ಅಷ್ಟು ವರ್ಷ ನೋಡಿದ ಮುಖ. ಮುಂದೆ "ಇಲ್ಲ" ಬರುತ್ತದೆ ಅಂತ ಗೊತ್ತಾಗಿಯೇ ನಾನು...