ಸ್ವಇಚ್ಛೆಯಿಂದ ಕಿತ್ತ ಹಲ್ಲುಗಳು

ಹಲ್ಲಿನ ಸಮೀಕ್ಷೆಗೆ ಸಹಿ ಹಾಕಿರುವ ಆರೋಗ್ಯಾಧಿಕಾರಿಗಳೇ,

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ತರುಣ ತರುಣಿಯರು ಮತ್ತೆ ಹುಟ್ಟದ ಶಾಶ್ವತ ಹಲ್ಲುಗಳನ್ನು ಏಕೆ ಕೀಳಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ತಾವು ಪತ್ರಿಕೆಯಲ್ಲಿ ಕೊಟ್ಟ ಉತ್ತರವನ್ನು ಓದಿದೆ: ಅಜ್ಞಾನ, ಸಿಹಿಯ ಚಪಲ ಮತ್ತು ಬಹುಪಾಲು ‘ರೋಗಿಯ ಸ್ವಇಚ್ಛೆ’. ಆ ಕೊನೆಯ ಪದ ಸುಳ್ಳು.

ಸಿಹಿಯ ಮಾತನ್ನು ಮೊದಲು ಮುಗಿಸುತ್ತೇನೆ. ನಮಗೆ ಸರ್ಕಾರ ತಿನ್ನಿಸಿದ ಸಿಹಿಯೆಂದರೆ ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಹಂಚಿದ ಪೇಢೆ. ಹಲ್ಲು ಹುಳುಕಾದದ್ದು ಅದರಿಂದಲೇ ಎಂಬುದು ತಮ್ಮ ಸಂಶೋಧನೆಯಾದರೆ ನನ್ನ ತಕರಾರಿಲ್ಲ. ಇನ್ನು ಅಜ್ಞಾನ. ನನ್ನ ಮಗಳು ರೇಣುಕಾದೇವಿ ಶಿಕ್ಷಕಿಯಾಗಲು ಓದುತ್ತಿದ್ದಳು. ದವಡೆಹಲ್ಲು ನೋಯತೊಡಗಿದಾಗ, ಬೇರಿಗೆ ಚಿಕಿತ್ಸೆ ಮಾಡಿದರೆ ಹಲ್ಲು ಉಳಿಯುತ್ತದೆಂದು ನನಗೆ ತಿಳಿಸಿದವಳೇ ಆಕೆ. ಇಬ್ಬರೂ ಸರ್ಕಾರಿ ದವಾಖಾನೆಗೆ ಹೋದೆವು. ಯಾವುದೆಂದು ಬರೆಯುವುದಿಲ್ಲ, ಬರೆದರೆ ತಪ್ಪು ಒಂದೇ ಊರಿನದಾಗಿ, ಉಳಿದವೆಲ್ಲ ನಿರ್ದೋಷಿಗಳಾಗಿಬಿಡುತ್ತವೆ.

ಅಲ್ಲಿ ಕುರ್ಚಿ ಇತ್ತು. ಹಲ್ಲು ಕೊರೆಯುವ ಯಂತ್ರ ಕೆಟ್ಟಿತ್ತು, ತುಂಬುವ ಸಾಮಗ್ರಿ ಬಂದಿರಲಿಲ್ಲ.

‘ಉಳಸೋದು ನನ್ನ ಕೈಯಾಗ ಇಲ್ಲರಿ. ಇಕ್ಕಳ ಒಂದ ಐತಿ ನೋಡ್ರಿ,’ ಎಂದರು ವೈದ್ಯರು.

ಸಾಲಿನಲ್ಲಿ ಹಿಂದಿದ್ದ, ರೇಣುಕಾಳ ಓರಗೆಯ ಯಮನೂರಮ್ಮ ಕೆನ್ನೆಗೆ ಸೆರಗು ಒತ್ತಿಕೊಂಡೇ ಹೇಳಿದಳು: ‘ಕಿತ್ತಿಸ್ಕೊಂಡು ಹೋಗವಾ. ಒಂದು ಹಲ್ಲಿಗೆ ಏನು ಇಷ್ಟು ಮರುಗ್ತಿ?’

‘ಎಲ್ಲಾರೂ ಕಿತ್ತಿಸ್ಕೊಂಡ್ರ ನಮ್ಮೂರಾಗ ಕಡ್ಲಿ ತಿನ್ನೋರು ಯಾರವಾ?’ ಎಂದು ರೇಣುಕಾ ನಕ್ಕಳು. ‘ಯಂತ್ರ ಬರಲಿ. ನಾ ಕಾಯ್ತೀನಿ.’

ಯಮನೂರಮ್ಮ ನೋವು ತಾಳದೆ ಕುರ್ಚಿಯೇರಿದಳು. ತಮ್ಮ ಸಮೀಕ್ಷೆಯಲ್ಲಿ ಅದು ಸ್ವಇಚ್ಛೆ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಂತವನು. ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಂಡರೆ ಅದು ಇಚ್ಛೆ. ಇರುವ ಒಂದೇ ದಾರಿಗೆ ನೂಕಿಸಿಕೊಂಡರೆ ಅದರ ಹೆಸರು ಬೇರೆ. ಮೊದಲ ಸುತ್ತಿನಲ್ಲೇ ಸೋಲುವ ವಿದ್ಯಾರ್ಥಿಯೂ ಇದನ್ನು ಬಲ್ಲ. ಬಾವಿಯ ಹಗ್ಗ ಕಿತ್ತುಕೊಂಡು, ಊರವರು ಸ್ವಇಚ್ಛೆಯಿಂದ ಬಾಯಾರಿದ್ದಾರೆ ಎಂದೂ ತಾವು ವರದಿ ಬರೆಯಬಲ್ಲಿರಾ? ಗುಡಿಸಲಿಗೆ ಬಾಗಿಲಿಡದೆ, ಒಳಗಿನವರು ಗಾಳಿಪ್ರಿಯರು ಎನ್ನುವಿರಾ? ಕೀಳುವುದೊಂದೇ ಚಿಕಿತ್ಸೆಯಾಗಿರುವ ಇಲಾಖೆಗೆ, ‘ಕೀಳು’ ಎಂಬ ಕನ್ನಡ ಪದಕ್ಕೆ ಇನ್ನೊಂದು ಅರ್ಥವೂ ಉಂಟೆಂದು ನಾನೇ ನೆನಪಿಸಬೇಕೆ?

ರೇಣುಕಾ ಕಾದಳು. ಸಂತೆಯ ದಿನ ಬರುತ್ತಿದ್ದ ಖಾಸಗಿ ವೈದ್ಯರೂ ಕೀಳುವವರೇ; ದೊಡ್ಡ ಊರಿನ ಚಿಕಿತ್ಸೆಗೆ ನನ್ನಲ್ಲಿ ದುಡ್ಡಿರಲಿಲ್ಲ. ದವಾಖಾನೆಯ ಯಂತ್ರವೋ ‘ಮುಂದಿನ ವಾರ’ ಬರುವುದಿತ್ತು. ಆ ವಾರ ಇನ್ನೂ ಬಂದಿಲ್ಲ. ಗುಳಿಗೆ ನುಂಗುತ್ತ ಪರೀಕ್ಷೆ ಬರೆದಳು. ಫಲಿತಾಂಶಕ್ಕೆ ಮೊದಲೇ ದವಡೆ ಬಾತು, ಕೀವು ಗಂಟಲಿಗಿಳಿಯಿತು. ಹುಬ್ಬಳ್ಳಿಗೆ ಕರೆದೊಯ್ಯುವಾಗ ಜೀಪಿನಲ್ಲಿ, ನನ್ನ ತೊಡೆಯ ಮೇಲೆ ಆಕೆಯ ಉಸಿರು ನಿಂತಿತು. ಆಕೆ ಪಾಸಾಗಿದ್ದಾಳೆ.

ತಮ್ಮ ವರದಿಯಲ್ಲಿ ಆಕೆಯನ್ನು ಹುಡುಕಿದೆ. ಇಲ್ಲ. ಇರುವುದು ಹೇಗೆ? ತಾವು ಎಣಿಸಿದ್ದು ಕೀಳಿಸಿಕೊಂಡವರನ್ನು.

ಆದ್ದರಿಂದ ನನ್ನ ಆಗ್ರಹವಿದು. ಪ್ರತಿ ತಾಲ್ಲೂಕಿನಲ್ಲಿಯೂ ಹಲ್ಲು ಉಳಿಸುವ ಯಂತ್ರ ನಡೆಯಬೇಕು, ಸಾಮಗ್ರಿ ಇರಬೇಕು. ಅಲ್ಲಿಯವರೆಗೆ ವರದಿಯಲ್ಲಿ ‘ಸ್ವಇಚ್ಛೆ’ಯನ್ನು ಹೊಡೆದುಹಾಕಿ ‘ಗತ್ಯಂತರವಿಲ್ಲದೆ’ ಎಂದು ಬರೆಯಿರಿ. ಆ ದವಾಖಾನೆಯಲ್ಲಿ ತನ್ನ ಇಚ್ಛೆಯಂತೆ ನಡೆದುಕೊಂಡವಳನ್ನು ನಾನು ಒಬ್ಬಳನ್ನೇ ಕಂಡಿದ್ದೇನೆ. ಆಕೆಯನ್ನು ಎಲ್ಲ ಹಲ್ಲುಗಳ ಸಮೇತ ಮಣ್ಣು ಮಾಡಿದ್ದೇವೆ.

ಇಂತಿ,
ತಮ್ಮ ಎಣಿಕೆಗೆ ಸಿಗದವಳ ತಂದೆ,
ಶರಣಬಸಪ್ಪ, ಹನುಮಸಾಗರ