ಮೊದಲ ಸಹಿಯ ಜಾಗ

ನ್ಯಾಮತಿ
೬ ಡಿಸೆಂಬರ್ ೧೯೪೨, ಭಾನುವಾರ

ಚಿ. ಸೌ. ನಿರ್ಮಲಳಿಗೆ ನಿನ್ನ ಅವ್ವನ ಆಶೀರ್ವಾದ.

ಕಾಗದದ ತಲೆಯಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು ಅಂತ ನಿಮ್ಮಪ್ಪ ನನಗೆ ಅಕ್ಷರ ಕಲಿಸುವಾಗಲೇ ಹೇಳಿಕೊಟ್ಟಿದ್ದರು. ಇವತ್ತು ಆ ಸಾಲಿಗೆ ಕೈ ಏಳಲಿಲ್ಲ, ಬಿಟ್ಟಿದ್ದೇನೆ. ನೀನು ಜಗಳೂರಿನಿಂದ ಕಳಿಸಿದ ದಪ್ಪ ಲಕೋಟೆ ಬುಧವಾರವೇ ಬಂತು. ನಿಮ್ಮಪ್ಪನನ್ನು ಕೊಂದವರಿಗೆ ಆಗಿದ್ದ ಗಲ್ಲನ್ನು ಬೆಂಗಳೂರಿನ ದೊಡ್ಡ ಕೋರ್ಟು ರದ್ದು ಮಾಡಿತಲ್ಲ ಎಂದು ನೀನು ಎರಡು ದಿನ ಊಟ ಬಿಟ್ಟದ್ದು, ನಿನ್ನ ಮಾವನವರು ವಕೀಲರ ಕೈಲಿ ಮಹಾರಾಜರಿಗೆ ಅರ್ಜಿ ಬರೆಸಿದ್ದು, ನೀನೇ ಮನೆಮನೆಗೆ ಹೋಗಿ ಹೆಂಗಸರ ಸಹಿ ಕೂಡಿಸಿದ್ದು, ಎಲ್ಲ ಓದಿದೆ. ಅರ್ಜಿಯನ್ನೂ ಓದಿದೆ. ನಾಲ್ಕು ಹಾಳೆ, ನೂರಾ ಹದಿನೇಳು ಸಹಿ ಮತ್ತು ಹೆಬ್ಬೆಟ್ಟು. ಮೊದಲ ಸಹಿಯ ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ಸೀಸದ ಕಡ್ಡಿಯಿಂದ 'ಇಲ್ಲಿ ಅವ್ವ' ಎಂದು ಬರೆದಿದ್ದೀಯ. ನಿನ್ನ ಅಕ್ಷರ ಈಗಲೂ ನಿಮ್ಮಪ್ಪನ ಅಕ್ಷರದಂತೆಯೇ ಬಲಕ್ಕೆ ವಾಲುತ್ತದೆ.

ಊರಿನವರು ಏನನ್ನುತ್ತಾರೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಜೂನ್ ತಿಂಗಳಲ್ಲಿ ಕೆಳಗಿನ ಕೋರ್ಟು ಪಿಂಜಾರ ಲಾಲ್‌ಸಾಬನಿಗೂ ಅವನ ತಮ್ಮ ಫಕೀರಸಾಬನಿಗೂ ಗಲ್ಲು ಎಂದ ದಿನ ಪೇಟೆಯಲ್ಲಿ ಸಕ್ಕರೆ ಹಂಚಿದ್ದರು. ಯುದ್ಧ ಬಂದು ಕೂಸಿನ ಹಾಲಿಗೆ ಹಾಕಲು ಸಕ್ಕರೆ ಸಿಗದ ಕಾಲ. ಗಲ್ಲಿಗೆ ಮಾತ್ರ ಎಲ್ಲಿಂದಲೋ ಸಿಕ್ಕಿತು. ಈಗ ಬಿಡುಗಡೆಯ ಸುದ್ದಿ ಬಂದ ದಿನ ಅದೇ ಪೇಟೆ ಬಾಗಿಲು ಹಾಕಿತು. ಬೆಲ್ಲದ ಮಂಡಿಯ ಕಟ್ಟೆಯ ಮೇಲೆ ಕುಳಿತ ಚಿತ್ತಪ್ಪ, ಹರಿಹರದಿಂದ ಆಚೆಗೆ ಕಾಲಿಟ್ಟವನಲ್ಲ, ಜಡ್ಜು ಯಾವ ಕೋಣೆಯಲ್ಲಿ ಕುಳಿತು ಲಂಚ ತಿಂದರು ಎಂದು ಕಣ್ಣಾರೆ ಕಂಡವನ ಹಾಗೆ ವರ್ಣಿಸುತ್ತಿದ್ದ. ಮನೆಗೆ ತಗಡು ಹೊದಿಸಲು ಗತಿಯಿಲ್ಲದ ಪಿಂಜಾರರು ಲಂಚಕ್ಕೆ ಎಲ್ಲಿಂದ ತಂದರು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವನ ಕಥೆ ಕೆಡುತ್ತಿತ್ತು.

ಹೆಂಗಸರು ಇಲ್ಲಿಗೆ ಬಂದರು. ನಿಮ್ಮಪ್ಪ ಇನ್ನೊಂದು ಸಲ ಸತ್ತರೇನೋ ಎಂಬಂತೆ ನನ್ನನ್ನು ನಡುಮನೆಯಲ್ಲಿ ಕೂರಿಸಿ ಸುತ್ತ ಕುಳಿತರು. ಪಕ್ಕದ ಮನೆಯ ಅಂತರಘಟ್ಟಮ್ಮ ನನ್ನ ಬೆನ್ನು ತಿಕ್ಕಿ ತಿಕ್ಕಿ, "ಅಳ್ರೀ ಅಜ್ಜಮ್ಮಾರೆ, ಅತ್ತುಬಿಡ್ರಿ. ಒಳಗೇ ಇಟ್ಕಂಡ್ರೆ ಎದಿ ಒಡೀತೈತೆ" ಎಂದಳು. ನನಗೆ ಅಳು ಬರಲಿಲ್ಲ. ನನ್ನ ಪಾಲಿನದನ್ನೂ ಅವರೇ ಅತ್ತು, ಕಾಫಿ ಕುಡಿದು ಹೋದರು. ಮಾರನೆಯ ದಿನ ಬಾವಿಯ ಹತ್ತಿರ, ಗಂಡನ ಕೊಲೆಗಾರರು ಹೊರಬಂದರೂ ಕಣ್ಣೀರು ಹಾಕದ ಕಲ್ಲು ಎಂದು ನನ್ನ ಮೇಲೆ ಮಾತಾಯಿತಂತೆ.

ಕಲ್ಲು ಎಂದದ್ದು ಸರಿಯೇ. ಯಾಕೆ ಎಂಬುದು ಅವರಿಗೆ ಗೊತ್ತಿಲ್ಲ. ನಿರ್ಮಲ, ನಾನು ಸಹಿ ಹಾಕುವುದಿಲ್ಲ. ಸಿಟ್ಟು ಮಾಡಿಕೊಳ್ಳುವ ಮೊದಲು ಪೂರ್ತಿ ಓದು. ಅತ್ತೆಯ ಮುಂದೆ ಓದಬೇಡ, ಒಬ್ಬಳೇ ಓದು.

ಇಬ್ಬರನ್ನೂ ನೇಣಿಗೆ ಹಾಕಬೇಕು ಎಂದು ಅರ್ಜಿಯಲ್ಲಿ ಬರೆಸಿದ್ದೀರಿ. ಫಕೀರಸಾಬ ಜೈಲಿನಲ್ಲೇ ಸತ್ತ, ಮಗಳೇ. ದೊಡ್ಡ ಕೋರ್ಟಿನ ತೀರ್ಪಿಗೆ ಹತ್ತೊಂಬತ್ತು ದಿನ ಮೊದಲು, ಜ್ವರದಲ್ಲಿ. ಇಪ್ಪತ್ತೆರಡು ವರ್ಷ, ಮದುವೆ ಆಗಿರಲಿಲ್ಲ. ಗಲ್ಲಿಗೆ ಸಕ್ಕರೆ ಹಂಚಿದ ಊರಿಗೆ ಈ ಸುದ್ದಿಯಲ್ಲಿ ರುಚಿ ಇರಲಿಲ್ಲ, ಹಾಗಾಗಿ ಜಗಳೂರಿನವರೆಗೆ ಬಂದಿಲ್ಲ. ನೂರಾ ಹದಿನೇಳು ಜನ ಹೆಣಕ್ಕೆ ನೇಣು ಹಾಕಿ ಎಂದು ಸಹಿ ಮಾಡಿದ್ದೀರಿ.

ಹೋದ ವರ್ಷ ಬೇಸಿಗೆಯಲ್ಲಿ ನಿನಗೆ ವಿಷಮಜ್ವರ ಬಂದದ್ದು ನೆನಪಿದೆಯಲ್ಲ. ಹದಿನೆಂಟನೆಯ ದಿನ ಡಾಕ್ಟರು ಕೈಚೆಲ್ಲಿದರು. ನಾನು ಹರಸಿಕೊಳ್ಳದ ದೇವರು ಉಳಿದಿರಲಿಲ್ಲ. ಅವತ್ತು ಸಂಜೆ ತಲೆತುಂಬ ಸೆರಗು ಹೊದ್ದು ಪಿಂಜಾರ ಕೇರಿಯ ಮಕಾನಿಗೆ ಹೋದೆ. ಮೊಹರಮ್ಮಿನಲ್ಲಿ ಮೆರೆಯುವ ಅಲಾಯಿ ದೇವರ ಅಂಗೈಯಾಕಾರದ ಪಂಜಾಗಳನ್ನು ವರ್ಷವಿಡೀ ಅಲ್ಲೇ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಕಾಯುವ ಮನೆತನ ಲಾಲ್‌ಸಾಬನದು. ಅವನ ಹೆಂಡತಿ ಗುಲ್ಜಾರ್‌ಬೀ ನನಗಾಗಿ ಊದು ಹಾಕಿದಳು. ನಾನು ಪೆಟ್ಟಿಗೆಗೆ ಹಣೆ ಹಚ್ಚಿ, ಮಗಳು ಎದ್ದು ಕುಳಿತರೆ ನಮ್ಮ ಯಜಮಾನರ ಮೈಮೇಲಿನ ಬೆಳ್ಳಿಯನ್ನೇ ದೇವರಿಗೆ ಏರಿಸುತ್ತೇನೆ ಎಂದುಬಿಟ್ಟೆ. ಮನೆಗೆ ಬಂದು ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕುವಾಗ ಹೊಳೆಯಿತು: ನಿಮ್ಮಪ್ಪನ ಮೈಮೇಲೆ ಇದ್ದ ಬೆಳ್ಳಿ ಒಂದೇ. ಲಿಂಗದ ಕರಡಿಗೆ.

ಅಲಾಯಿ ದೇವರಿಗೆ ಸಕ್ಕರೆ ಓದಿಸದ ಮನೆ ನಮ್ಮ ಬೀದಿಯಲ್ಲೇ ಇಲ್ಲ. ಆದರೆ ಸಕ್ಕರೆಯ ಮಾತು ಬೇರೆ, ಕೊರಳಿನ ಕರಡಿಗೆಯ ಮಾತು ಬೇರೆ. ಮೂರನೆಯ ದಿನ ನಿನ್ನ ಜ್ವರ ಇಳಿಯಿತು. ನಾನು ಎಲ್ಲವನ್ನೂ ನಿಮ್ಮಪ್ಪನಿಗೆ ಹೇಳಿದೆ. ಅವರು ನಕ್ಕರು. "ಲಿಂಗ ಕೊಡ್ತೀನಿ ಅಂದಿಲ್ಲ ತಾನೆ? ಅದು ಕುಂದ್ರೋ ಮನಿ ಕೊಡ್ತೀನಿ ಅಂದೀಯ. ನಾನು ಬಟ್ಟೆಯಾಗೆ ಕಟ್ಕಂತೀನಿ ಬಿಡು" ಎಂದರು. ನಾನು ಬಿಳಿ ಬಟ್ಟೆಯನ್ನು ಎರಡು ಪದರ ಮಾಡಿ, ಸಣ್ಣ ಹೊಲಿಗೆ ಹಾಕಿ ಚೀಲ ಹೊಲಿದುಕೊಟ್ಟೆ. ಶ್ರಾವಣದಲ್ಲಿ ಅವರು ಕರಡಿಗೆಯನ್ನು ಲಾಲ್‌ಸಾಬನ ಕೈಗೆ ಕೊಟ್ಟುಬಂದರು. ಮುಂದಿನ ಮೊಹರಮ್ಮಿಗೆ ಪಂಜಾ ಹೊರಗೆ ಬಂದಾಗ ಏರಿಸಬೇಕು, ಅಲ್ಲಿಯವರೆಗೆ ಅವನ ಪೆಟ್ಟಿಗೆಯಲ್ಲಿರಲಿ ಎಂದು. ನಿನ್ನ ಚಿಕ್ಕಪ್ಪ ಜಯದೇವಪ್ಪನಿಗೆ ಹೇಳಲಿಲ್ಲ, ಹೇಳಿದ್ದರೆ ಮಠದ ಅಯ್ಯನವರ ತನಕ ಹೋಗುತ್ತಿತ್ತು. ನೀನು ಆಗ ಸುಧಾರಿಸಿಕೊಳ್ಳಲು ಹೊನ್ನಾಳಿಯ ಅಜ್ಜಿಯ ಮನೆಯಲ್ಲಿದ್ದೆ. ಅಂಗಿಯ ಒಳಗೆ ಏನಿದೆ ಎಂದು ಯಾರು ನೋಡುತ್ತಾರೆ?

ಕಾರ್ತಿಕದಲ್ಲಿ ಸವಳಂಗದ ದಾರಿಯ ಹಳ್ಳದ ಹತ್ತಿರ ನಿಮ್ಮಪ್ಪನ ಹೆಣ ಸಿಕ್ಕಿತು. ಸವಳಂಗದಲ್ಲಿ ಅರಳೆ ಹಿಂಜಿ, ಬಿಲ್ಲು ಹೆಗಲಿಗೆ ಹಾಕಿಕೊಂಡು ಅಣ್ಣತಮ್ಮಂದಿರು ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಬಂದಿದ್ದರು. ಪೊಲೀಸರು ಅವರ ಪೆಟ್ಟಿಗೆ ತೆರೆದರು. ಕರಡಿಗೆ ಸಿಕ್ಕಿತು. ಬೆಳ್ಳಿ ಕದ್ದು, ಲಿಂಗಕ್ಕೆ ಹೆದರಿ ಅದನ್ನು ಬಟ್ಟೆಯಲ್ಲಿ ಕಟ್ಟಿ ಹೆಣದ ಕೊರಳಿಗೇ ಬಿಟ್ಟಿದ್ದಾರೆ ಎಂದು ಊರು ಒಂದೇ ಬಾಯಲ್ಲಿ ತೀರ್ಮಾನ ಮಾಡಿತು.

ಹೆಣ ಇನ್ನೂ ಪಡಸಾಲೆಯಲ್ಲಿತ್ತು. ಅಯ್ಯನವರು ಕ್ರಿಯೆಗೆ ಬಂದು ಕುಳಿತಿದ್ದರು. ನಾನು ಮೂಲೆಯಲ್ಲಿ ಮುಖದ ಮೇಲೆ ಸೆರಗು ಎಳೆದುಕೊಂಡಿದ್ದೆ. ಪೊಲೀಸಿನವರು ಕರಡಿಗೆ ಹಿಡಿದು, ಇದು ಅವರ ಕೊರಳಲ್ಲಿತ್ತೇ ಎಂದು ಕೇಳಿದರು. ನಿನ್ನ ಚಿಕ್ಕಪ್ಪ, "ಇತ್ತು ಸ್ವಾಮಿ. ನಮ್ಮಣ್ಣ ಅದನ್ನ ಬಿಟ್ಟು ಹೊಸ್ಲು ದಾಟಾಕಿಲ್ಲ" ಎಂದು ಅತ್ತ. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ನನ್ನನ್ನು ಕೇಳಿದರು. ಅಯ್ಯನವರ ಎದುರಿಗೆ, ಹೆಣದ ಎದುರಿಗೆ, ಅಲಾಯಿ ದೇವರಿಗೆ ಕೊಟ್ಟಿದ್ದೆವು ಎನ್ನಲು ನಾಲಿಗೆ ಹೊರಳಲಿಲ್ಲ. ಸೆರಗಿನ ಒಳಗಿನಿಂದಲೇ ಹೂಂ ಎಂದೆ. ಮಣ್ಣಾದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಮಣ್ಣಾಯಿತು. ಹೇಳಲಿಲ್ಲ. ಅವರೇ ಮಾಡಿದ್ದರೂ ಮಾಡಿರಬಹುದು ಎಂದು ನಾಲ್ಕು ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ನಿನ್ನ ಮಾವನವರು ಹೆಣ್ಣು ಕೇಳಿಕೊಂಡು ಬಂದರು. ಸಾವಾದ ಮನೆ, ವರ್ಷದೊಳಗೆ ಮದುವೆ ಆಗಬೇಕು, ವೀಳ್ಯವೂ ಆಯಿತು. ಅದರ ಮುಂದಿನ ತಿಂಗಳು ಕೋರ್ಟಿಗೆ ಕರೆಸಿದರು. ಇದ್ದಿಲ ಹೊಗೆಯ ಬಸ್ಸಿನಲ್ಲಿ ಕರೆದುಕೊಂಡು ಹೋದವರು ನಿನ್ನ ಚಿಕ್ಕಪ್ಪ ಮತ್ತು ನಿನ್ನ ಮಾವ. ಗಂಡನ ಹೆಸರು ಹೇಳಿ ಎಂದಾಗ ನಾನು ತಡವರಿಸಿದ್ದಕ್ಕೆ ಇಡೀ ಕೋರ್ಟು ಮರುಗಿತು. ಲಾಲ್‌ಸಾಬ, ಯಜಮಾನರು ಹರಕೆಗೆ ಕೊಟ್ಟದ್ದು ಎಂದು ಮೊದಲಿನಿಂದ ಹೇಳುತ್ತಲೇ ಇದ್ದ. ಗುಲ್ಜಾರ್‌ಬೀಯೂ ಹೇಳಿದ್ದಳು, ಹೆಂಡತಿ ಇನ್ನೇನು ಹೇಳುತ್ತಾಳೆ ಎಂದು ತಳ್ಳಿಹಾಕಿದ್ದರು. ಅವರ ವಕೀಲ ನನ್ನನ್ನು ಕೇಳಿದ, ನೀವು ಅಲಾಯಿ ದೇವರಿಗೆ ಹರಸಿಕೊಂಡಿದ್ದು ನಿಜವೇ ಎಂದು. ಹಿಂದೆ ಕುಳಿತ ಜನ ನಕ್ಕರು. ಮುಂದಿನ ಬೆಂಚಿನಲ್ಲಿ ನಿನ್ನ ಮಾವ ಕೋಲು ಹಿಡಿದು ಕುಳಿತಿದ್ದರು.

ಇಲ್ಲ ಎಂದೆ.

ನಿನ್ನ ಮದುವೆಗಾಗಿ ಅಂದೆ ಎಂದು ಬರೆದರೆ ಪಾಪದಲ್ಲಿ ನಿನಗೂ ಪಾಲು ಕೊಟ್ಟಂತಾಗುತ್ತದೆ. ನಿನ್ನ ಮದುವೆಯೂ ಇತ್ತು, ಮೈದುನನ ಹಂಗಿನಲ್ಲಿ ತಿನ್ನಬೇಕಾದ ನನ್ನ ಅನ್ನವೂ ಇತ್ತು, ಬರೀ ಹೆದರಿಕೆಯೂ ಇತ್ತು. ಫಕೀರಸಾಬ ನನ್ನನ್ನು ನೋಡುತ್ತಲೇ ಇದ್ದ. ನೀನು ಈಗ ಮಲಗುವ ಹಾಸಿಗೆಯ ಅರಳೆಯನ್ನು ಹಿಂಜಿದವನು ಅವನೇ. ನಿನ್ನ ಮದುವೆಗೆ ಎಂದು ನಿಮ್ಮಪ್ಪ ದಸರೆಯಲ್ಲೇ ಅವನನ್ನು ನಮ್ಮ ಜಗಲಿಯಲ್ಲಿ ಕೂರಿಸಿ ಹಿಂಜಿಸಿದ್ದರು.

ದೊಡ್ಡ ಕೋರ್ಟಿನ ಜಡ್ಜು ಯಾಕೆ ಬಿಟ್ಟರು ಗೊತ್ತೇ? ಚಿಕ್ಕಪ್ಪ ಪತ್ರಿಕೆಯಿಂದ ಓದಿ ಹೇಳಿ, ಥೂ ಎಂದು ಉಗುಳಿದ. ಪೊಲೀಸರು ಹೆಣದಿಂದ ಬಿಚ್ಚಿಕೊಂಡಿದ್ದ ಆ ಬಟ್ಟೆಯ ಚೀಲವನ್ನು ತರಿಸಿ ನೋಡಿದರಂತೆ. ತಿಂಗಳುಗಟ್ಟಲೆ ಬೆವರು ಕುಡಿದು, ವಿಭೂತಿ ಹತ್ತಿ ಬಣ್ಣಗೆಟ್ಟ ಬಟ್ಟೆ. ಇದು ಕೊಲೆಗಾರ ಹಳ್ಳದ ದಂಡೆಯಲ್ಲಿ ಅವಸರಕ್ಕೆ ಕಟ್ಟಿದ್ದಲ್ಲ, ಮನೆಯಲ್ಲಿ ಯಾರೋ ಕುಳಿತು ಹೊಲಿದದ್ದು ಎಂದು ಬರೆದಿದ್ದಾರೆ. ನನ್ನ ಹೊಲಿಗೆಯನ್ನು ನೋಡಿದವರು ಅವರೊಬ್ಬರೇ. ಊರಲ್ಲಿ ಹೆಣ ತೊಳೆದವರು, ಹೊತ್ತವರು, ಪಂಚನಾಮೆಗೆ ಸಹಿ ಹಾಕಿದವರು ಯಾರೂ ನೋಡಲಿಲ್ಲ. ಲಂಚ ತಿಂದವರು ಎಂದು ಅವರನ್ನು ಬೈಯುವಾಗ ನಾನು ಒಳಗೆ ಅಕ್ಕಿ ಆರಿಸುತ್ತ ಕೂತಿದ್ದೆ.

ಲಾಲ್‌ಸಾಬ ಒಬ್ಬನೇ ಬಂದ. ಕ್ಷೌರದವನು ಗಡ್ಡ ತೆಗೆಯಲಿಲ್ಲ. ಬಾವಿಯಲ್ಲಿ ಗುಲ್ಜಾರ್‌ಬೀಯ ಕೈಯಿಂದ ಹಗ್ಗ ಕಿತ್ತುಕೊಂಡರು. ಮೂರನೆಯ ದಿನ ಯಾರೋ ಅವನ ಬಿಲ್ಲನ್ನು ಮುರಿದು ಅವನ ಬಾಗಿಲಿಗೇ ಒರಗಿಸಿ ಹೋಗಿದ್ದರು. ಕೋರ್ಟು ಬಿಟ್ಟರೂ ನಾವು ಬಿಡುವುದಿಲ್ಲ ಎಂದು ಮಂಡಿಯಲ್ಲಿ ಎದೆ ತಟ್ಟಿಕೊಂಡವರಲ್ಲಿ ನಿನ್ನ ಚಿಕ್ಕಪ್ಪನೇ ಮುಂದು. ಈ ಸಲ ಅಲಾಯಿ ದೇವರು ಬೀದಿಗೆ ಬರಕೂಡದು ಎಂದೂ ಆಯಿತು.

ಹೋದ ಸೋಮವಾರ ಬೆಳಿಗ್ಗೆ ಗಂಡಹೆಂಡತಿ ಗಂಟುಮೂಟೆ ಹೊತ್ತು ನಮ್ಮ ಹಿತ್ತಿಲ ಬಾಗಿಲಿಗೆ ಬಂದರು. ನಾನು ಬಾಗಿಲ ಚಿಲಕ ಹಿಡಿದೇ ನಿಂತೆ. ಲಾಲ್‌ಸಾಬ ಬಟ್ಟೆಯಲ್ಲಿ ಸುತ್ತಿದ್ದ ಕರಡಿಗೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟ. "ಕೋರ್ಟಿನೋರು ನನ್ನ ಕೈಗೇ ವಾಪಸ್ ಕೊಟ್ರು ಅಮ್ಮಾರೆ. ಊರು ಬಿಟ್ಟು ಹೊಂಟೀವಿ. ಹರಕಿ ಮುಟ್ಸಾಕೆ ನನ್ ಕೈಲಿ ಆಗ್ಲಿಲ್ಲ, ಮಾಫಿ ಮಾಡ್ರಿ" ಎಂದ.

ನನ್ನಲ್ಲಿ ಅವನು ಮಾಫಿ ಕೇಳಿದ, ನಿರ್ಮಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗುಲ್ಜಾರ್‌ಬೀ ನನ್ನ ಮುಖ ನೋಡಲಿಲ್ಲ, ನನ್ನ ಅಂಗಳಕ್ಕೆ ಉಗುಳಿ ತಿರುಗಿದಳು. ಅವಳು ಸರಿಯಾಗಿ ಮಾಡಿದಳು. ಲಾಲ್‌ಸಾಬ ಹೋಗುವಾಗ ಒಂದು ಸಲ ನಿಂತು, "ಪಾಪು ಈಗ ಆರಾಮೈತಾ? ಜ್ವರ ಮತ್ತೆ ಬರಲಿಲ್ಲ ಅಲ್ರಾ?" ಎಂದು ನಿನ್ನ ವಿಚಾರ ಕೇಳಿದ. ನಾನು ಆಗಲೂ ತಲೆ ಆಡಿಸಿದೆ, ಅಷ್ಟೇ.

ನಿಮ್ಮಪ್ಪನನ್ನು ಕೊಂದವರು ಯಾರು ಎಂದು ನನಗೆ ಗೊತ್ತಿಲ್ಲ. ಹುಡುಕಬೇಕಾದ ದಿನಗಳಲ್ಲಿ ಯಾರೂ ಹುಡುಕಲಿಲ್ಲ, ನನ್ನ ಹೂಂ ಸಾಕಾಗಿತ್ತು. ಅವನು ಇನ್ನೂ ಎಲ್ಲೋ ಇದ್ದಾನೆ. ಸಕ್ಕರೆ ಹಂಚಿದ ದಿನ ಅವನೂ ಕೈಯೊಡ್ಡಿ ತಿಂದಿರಬಹುದು. ಗಂಡನ ಕೊಲೆಗಾರನನ್ನು ಉಳಿಸಿದವಳೂ ನಾನೇ, ಕೊಲ್ಲದವನನ್ನು ಜೈಲಿನಲ್ಲಿ ಸಾಯಿಸಿದವಳೂ ನಾನೇ.

ಕರಡಿಗೆ ನನ್ನ ಸಂದೂಕದಲ್ಲಿದೆ. ಏರಿಸಲು ಈ ಸಲ ಪಂಜಾ ಹೊರಗೆ ಬರುವುದಿಲ್ಲ, ನಿಮ್ಮಪ್ಪನ ಲಿಂಗ ಅವರೊಂದಿಗೇ ಮಣ್ಣಿಗೆ ಹೋಯಿತು. ಸುಳ್ಳು ಸಾಕ್ಷಿ ಹೇಳಿದವರಿಗೆ ಜೈಲು ಎಂದು ಗೊತ್ತು. ನಾನಾಗಿ ಕೋರ್ಟಿನ ಮೆಟ್ಟಿಲು ಹತ್ತುವಷ್ಟು ಧೈರ್ಯ ಈಗಲೂ ಇಲ್ಲ. ಇದನ್ನು ಬರೆಯಲು ಇದ್ದ ಧೈರ್ಯವಷ್ಟೇ ನನ್ನದು.

ನಿನ್ನ ಆರೋಗ್ಯ ನೋಡಿಕೋ. ಊಟ ಬಿಡಬೇಡ.

ಇಂತಿ ನಿನ್ನ ಅವ್ವ,
ಅಜ್ಜಮ್ಮ, ಕೊಟ್ರಬಸಪ್ಪನವರ ಹೆಂಡತಿ,
ಸರ್ಕಾರದ ಕಡೆಯ ನಾಲ್ಕನೇ ಸಾಕ್ಷಿ

ತಾ.ಕ.: ಲಕೋಟೆ ಒಡೆದಾಗಲೇ ನೀನು ನೋಡಿರುತ್ತೀಯ, ನಿಮ್ಮ ಅರ್ಜಿಯ ನಾಲ್ಕೂ ಹಾಳೆಗಳ ಬೆನ್ನಿಗೇ ಇದನ್ನು ಬರೆದಿದ್ದೇನೆ. ಮನೆಯಲ್ಲಿ ಬೇರೆ ಕಾಗದ ಇರಲಿಲ್ಲವೆಂದಲ್ಲ. ಈಗ ಅರ್ಜಿ ಮಹಾರಾಜರಿಗೆ ಹೋದರೆ ಇದೂ ಹೋಗುತ್ತದೆ; ಇದನ್ನು ಒಲೆಗೆ ಹಾಕಿದರೆ ನೂರಾ ಹದಿನೇಳು ಸಹಿಯೂ ಒಲೆಗೆ ಹೋಗುತ್ತದೆ. ಒಲೆಗೇ ಹಾಕುತ್ತೀಯ ಎಂದು ನನಗೆ ಗೊತ್ತು, ನಾನೇ ಹೆತ್ತ ಮಗಳಲ್ಲವೇ. ಹಾಕುವ ಮೊದಲು 'ಇಲ್ಲಿ ಅವ್ವ' ಎಂದು ಬರೆದದ್ದನ್ನು ಅಳಿಸಿಬಿಡು. ಅದರ ಕೆಳಗೆ ಎರಡನೆಯ ಸಹಿ ನಿನ್ನದಿದೆ, ಅದನ್ನು ಮಾತ್ರ ಅಳಿಸಲು ಬರುವುದಿಲ್ಲ. ಮಸಿಯಲ್ಲಿ ಬರೆದುಬಿಟ್ಟಿದ್ದೀಯ.