ಪಾರ್ಕಿನ ಕಲ್ಲಿನಲ್ಲಿ ಬಾಡಿಗೆಯವರಿಲ್ಲ

ಸಿದ್ದರಾಜು ಅವರೇ,

ನೀವು ತೀರಿಕೊಂಡು ವರ್ಷ ತುಂಬಿದ ಮೊನ್ನೆಯ ಭಾನುವಾರ, ಹಿನಕಲ್‌ನ ನಮ್ಮ ಬಡಾವಣೆ ನಿಮಗೆ ಅನ್ಯಾಯ ಮಾಡಿತು. ಪಾರ್ಕ್ ಉಳಿಸಿದವರ ಹೆಸರಿನ ಕಲ್ಲು ನೆಟ್ಟರು. ಅದರಲ್ಲಿ ಮನೆ ಮಾಲೀಕರಷ್ಟೇ ಇದ್ದಾರೆ. 2004ರಲ್ಲಿ ಆ ಜಾಗವನ್ನು ಸೈಟು ಮಾಡಿ ಮಾರಲು ಹೊರಟಾಗ ಮನೆಮನೆ ಅಲೆದು ಸಹಿ ಹಾಕಿಸಿದವರು ನೀವು. ನಿಮ್ಮ ಹೆಸರೆಲ್ಲಿ ಎಂದು ಕೇಳಿದರೆ ಬಡಾವಣೆ ಸಂಘದ ಅಧ್ಯಕ್ಷ ವಾಗೀಶ ನಕ್ಕರು: “ಬಾಡಿಗೆಯವ್ರು ಇವತ್ತಿರ್ತಾರೆ, ನಾಳೆ ಹೋಗ್ತಾರೆ ಕಣ್ರೀ. ಅವ್ರನ್ನೆಲ್ಲ ಕೆತ್ಸಕ್ಕಾಗುತ್ತಾ?”

ನೀವಾಗಿ ಹೋಗಲಿಲ್ಲ. ನನ್ನ ಮಗಳು ಇರಲು ಬರುತ್ತಾಳೆಂದು ಸುಳ್ಳು ಹೇಳಿ, ಹದಿನಾಲ್ಕು ವರ್ಷ ಬಾಡಿಗೆಗಿದ್ದ ನಿಮ್ಮಿಂದ ನನ್ನ ಮಹಡಿ ಮನೆ ಖಾಲಿ ಮಾಡಿಸಿದೆ. ಜನ ನನ್ನನ್ನು “ಸಿದ್ದರಾಜು ಮನೆ ಓನರ್ರು” ಎನ್ನತೊಡಗಿದ್ದರು; ಅದು ನನಗೆ ಸಹಿಸಲಿಲ್ಲ.

ನಿಮ್ಮ ಹೆಸರೇಕಿಲ್ಲವೆಂದು ವಾಗೀಶರು ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳಲಿ. ನಿಮ್ಮನ್ನೇಕೆ ಕಳಿಸಿದೆನೆಂದು ಅಲ್ಲೇ ನನ್ನನ್ನೂ ಕೇಳಲಿ.